ಏಪ್ರಿಲ್ ಬಿಸಿಲಿನಲ್ಲಿ ಮೇಲುಕೋಟೆ: ರಾತ್ರಿ ಉಳಿಯುವಷ್ಟು ಇದೆಯೇ?

ಕುವೆಂಪುನಗರದವಳು:

ನಾವು ಐವರು ಗೆಳತಿಯರು, ಮೈಸೂರಿನಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು. ಈಗ ಎಲ್ಲರಿಗೂ ಐವತ್ತು ದಾಟಿದೆ. ಮಕ್ಕಳ ಪರೀಕ್ಷೆ, ಅತ್ತೆ ಮಾವಂದಿರ ಆಸ್ಪತ್ರೆ, ಮದುವೆ ಮುಂಜಿ ಎಂದು ಮುಂದೂಡುತ್ತಲೇ ಬಂದ ಭೇಟಿ ಈ ಏಪ್ರಿಲ್‌ನ ಎರಡನೇ ಶನಿವಾರಕ್ಕೆ ಕಡೆಗೂ ಕೂಡಿಬಂದಿದೆ. ಇಬ್ಬರು ಬೆಂಗಳೂರಿನಿಂದ, ಒಬ್ಬಳು ಧಾರವಾಡದಿಂದ ಬರುತ್ತಾಳೆ. ಮನೆಯವರು ಯಾರೂ ಜೊತೆಗಿಲ್ಲ.

ಬೇಸಿಗೆ ಎಂದರೆ ಎಲ್ಲರೂ ಊಟಿ, ಮಡಿಕೇರಿ ಎನ್ನುತ್ತಾರೆ. ರಜೆಯ ದಿನ ಆ ದಾರಿಯ ವಾಹನಗಳ ಸಾಲಿನಲ್ಲಿ ಕೂರುವ ಮನಸ್ಸು ನನಗಿಲ್ಲ. ಕಥೆಗಳಿರುವ, ನಡೆದು ಸುತ್ತಬಹುದಾದ, ಸಂಜೆ ಒಂದು ಕಟ್ಟೆಯ ಮೇಲೆ ಕುಳಿತು ಮನಸಾರೆ ಮಾತನಾಡಬಹುದಾದ ಹಳೆಯ ಊರು ಬೇಕು. ಮೇಲುಕೋಟೆ ಹೊಳೆಯಿತು. ಆದರೆ ನಾನು ಅದನ್ನು ನೋಡಿರುವುದು ವೈರಮುಡಿ ಉತ್ಸವದ ಜನಜಂಗುಳಿಯಲ್ಲಿ ಮಾತ್ರ. ಆ ರಾತ್ರಿ ಊರು ಕಾಣಲೇ ಇಲ್ಲ, ತಲೆಗಳಷ್ಟೇ ಕಂಡವು. ‘ದರ್ಶನ ಮಾಡಿ ಪುಳಿಯೋಗರೆ ತಿಂದರೆ ಮುಗಿಯಿತು, ಅಲ್ಲಿ ರಾತ್ರಿ ಉಳಿದು ಏನು ಮಾಡುತ್ತೀರಿ’ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ.

ನಮ್ಮಲ್ಲಿ ಒಬ್ಬಳಿಗೆ ಮಂಡಿನೋವು, ಹೆಚ್ಚು ಮೆಟ್ಟಿಲು ಹತ್ತಲಾರಳು. ಇನ್ನೊಬ್ಬಳಿಗೆ ಪೂಜೆ ಪುನಸ್ಕಾರದಲ್ಲಿ ಆಸಕ್ತಿಯಿಲ್ಲ, ಅವಳು ಚಿತ್ರ ಬರೆಯುತ್ತಾಳೆ. ಇಬ್ಬರಿಗೂ ಬೇಸರವಾಗಬಾರದು. ಬಿಸಿಲು ಎಷ್ಟು ಕಷ್ಟ? ತಂಗಲು ಜಾಗ ಸಿಗುತ್ತದೆಯೇ? ಅಥವಾ ತಲಕಾಡಿಗೆ ಹೋಗುವುದು ಮೇಲೇ? ಅಲ್ಲಿನವರು, ಹೋಗಿಬಂದವರು ದಯವಿಟ್ಟು ತಿಳಿಸಿ.

ಜಕ್ಕನಹಳ್ಳಿ ಮೇಷ್ಟ್ರು:

ನಮಸ್ಕಾರ ಅಮ್ಮ. ಖಂಡಿತ ಬನ್ನಿ, ರಾತ್ರಿ ಉಳಿಯಿರಿ. ಮೇಲುಕೋಟೆಯ ಸುತ್ತಲಿನ ಶಾಲೆಗಳಲ್ಲೇ ಪಾಠ ಹೇಳಿ ನಿವೃತ್ತನಾದವನು ನಾನು. ಹತ್ತು ಗಂಟೆಗೆ ಬಂದು ಒಂದು ಗಂಟೆಗೆ ಹೊರಡುವವರು ಈ ಊರಿನ ಅತಿ ಕಷ್ಟದ ಹೊತ್ತನ್ನು ಮಾತ್ರ ನೋಡಿ ಹೋಗುತ್ತಾರೆ ಎಂಬ ಸಂಕಟ ನನಗೆ ಬಹಳ ಕಾಲದಿಂದ ಇದೆ. ಬಂಡೆ ಕಾದು ಬರಿಗಾಲು ಸುಡುತ್ತದೆ, ಸರತಿ ಸಾಲು ಉದ್ದವಿರುತ್ತದೆ, ಎಲ್ಲರಿಗೂ ಗಡಿಬಿಡಿ. ಅವರ ವಾಹನಗಳು ಇಳಿದು ಹೋದ ಮೇಲೆ, ಸಂಜೆ ಐದರ ನಂತರ, ಮನೆಗಳ ಜಗುಲಿಗೆ ಜನ ಬರುತ್ತಾರೆ. ಆಗ ಬೀದಿಯಲ್ಲಿ ನಡೆದರೆ ಈ ಊರು ನಿಮ್ಮನ್ನು ಮಾತನಾಡಿಸುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಬಯಲು, ಬಂಡೆ, ಬೆಟ್ಟ ಎಲ್ಲವೂ ಮುಂಜಾನೆಗೆ ಮತ್ತು ಸಂಜೆಗೆ. ಹನ್ನೊಂದರಿಂದ ನಾಲ್ಕರವರೆಗೆ ಸೂರಿನ ಕೆಳಗೆ ಇರಿ. ಚೆಲುವನಾರಾಯಣನ ದೇವಾಲಯವೂ ಮಧ್ಯಾಹ್ನ ಬಾಗಿಲು ಹಾಕಿ ಸಂಜೆಗೆ ತೆರೆಯುತ್ತದೆ, ನೀವು ಹೊರಗೆ ಬೇಯುವುದರಿಂದ ಏನೂ ಸಿಗುವುದಿಲ್ಲ.

ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಶನಿವಾರ ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮುನ್ನ ಊರು ಸೇರುತ್ತೀರಿ. ನೇರ ಬಸ್ ಸಿಗದಿದ್ದರೆ ಪಾಂಡವಪುರಕ್ಕೋ ಜಕ್ಕನಹಳ್ಳಿಗೋ ಬಂದು ಬಸ್ ಬದಲಿಸಬಹುದು. ಐವರೂ ಒಟ್ಟಿಗೆ ಇರುವುದರಿಂದ, ಅದರಲ್ಲೂ ಮಂಡಿನೋವಿನವರು ಇರುವುದರಿಂದ, ಒಂದು ಕಾರು ಮಾಡಿಕೊಳ್ಳುವುದೇ ಲೇಸು. ತಂಗಲು ಛತ್ರಗಳು, ಮಠಗಳ ಕೋಣೆಗಳು, ಕೆಲವು ವಸತಿಗೃಹಗಳಿವೆ. ಐಷಾರಾಮ ನಿರೀಕ್ಷಿಸಬೇಡಿ. ಫೋನ್ ಮಾಡಿ ಕೋಣೆ ಖಚಿತಪಡಿಸಿಕೊಂಡೇ ಹೊರಡಿ, ಮದುವೆಯ ಕಾಲದಲ್ಲಿ ಛತ್ರಗಳು ಬೇಗ ತುಂಬುತ್ತವೆ.

ಮಧ್ಯಾಹ್ನಕ್ಕೆ ಎರಡು ಜಾಗ ಹೇಳುತ್ತೇನೆ. ಒಂದು, ಕವಿ ಪು.ತಿ. ನರಸಿಂಹಾಚಾರ್ ಅವರ ಮನೆ. 1905ರಲ್ಲಿ ಅವರು ಹುಟ್ಟಿದ್ದು ಇದೇ ಊರಿನಲ್ಲಿ, ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಇನ್ನೊಂದು, ಸುರೇಂದ್ರ ಕೌಲಗಿಯವರು 1960ರಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟ್. ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಕೌಲಗಿಯವರು ಈ ಬೆಟ್ಟದೂರಿಗೆ ಬಂದು ನೆಲೆಸಿದರು. ಖಾದಿ, ಕೈಮಗ್ಗ, ಸಹಜ ಬಣ್ಣ ಅಲ್ಲಿನ ಕೆಲಸ. ಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಂತರೆ ಕೈಯಲ್ಲಿ ನೇಯ್ದ ಒಂದು ಗಜ ಬಟ್ಟೆಗೆ ಎಷ್ಟು ತಾಳ್ಮೆ ಬೇಕು ಎಂಬುದು ತಿಳಿಯುತ್ತದೆ. ಸಂಸ್ಕೃತ ಸಂಶೋಧನ ಸಂಸತ್ತಿನಲ್ಲಿ ತಾಳೆಗರಿ ಹಸ್ತಪ್ರತಿಗಳ ಸಂಗ್ರಹವಿದೆ. ವಾರಾಂತ್ಯದಲ್ಲಿ ಈ ಮೂರೂ ತೆರೆದಿರುತ್ತವೆಯೇ ಎಂದು ಹೊರಡುವ ಮುನ್ನವೇ ವಿಚಾರಿಸಿ. ಇವಿಷ್ಟು ಆದ ಮೇಲೆ ಊಟ ಮಾಡಿ ಒಂದು ನಿದ್ದೆ ತೆಗೆಯಿರಿ.

ಸಂಜೆ ರಾಯಗೋಪುರಕ್ಕೆ ಹೋಗಿ. ಕಟ್ಟಲು ಆರಂಭಿಸಿ ಪೂರ್ತಿ ಮಾಡದೆ ಬಿಟ್ಟ ಹೆಬ್ಬಾಗಿಲು ಅದು. ಮೇಲೆ ಗೋಪುರವೇ ಇಲ್ಲ. ನಾಲ್ಕು ಎತ್ತರದ ಕಂಬಗಳು ಆಕಾಶಕ್ಕೆ ನಿಂತಿವೆ. ಮುಗಿದ ಗೋಪುರಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಮುಗಿಯದ ಇದರ ಕೆಳಗೆ ನಿಂತರೆ ಕಲ್ಲನ್ನು ಹೇಗೆ ಏರಿಸಿದರು, ಹೇಗೆ ಜೋಡಿಸುವವರಿದ್ದರು ಎಂಬ ಯೋಚನೆ ತಾನಾಗಿ ಬರುತ್ತದೆ. ನಿಮ್ಮ ಚಿತ್ರ ಬರೆಯುವ ಗೆಳತಿಯನ್ನು ಅಲ್ಲಿಂದ ಎಬ್ಬಿಸುವುದು ಕಷ್ಟವಾಗುತ್ತದೆ ಎಂದು ನನಗೆ ಖಾತ್ರಿಯಿದೆ.

ಹತ್ತಿರದಲ್ಲೇ ಅಕ್ಕ ತಂಗಿ ಕೊಳ. ಒಂದರ ಪಕ್ಕದಲ್ಲೊಂದು ಎರಡು ಕೊಳಗಳು. ಒಂದರ ನೀರು ಕುಡಿಯಲು, ಇನ್ನೊಂದರದು ಬಟ್ಟೆ ಒಗೆಯಲು ಎಂದು ಊರಿನವರು ಹಿಂದಿನಿಂದಲೂ ನಡೆದುಕೊಂಡು ಬಂದಿದ್ದಾರೆ. ಮೇಲುಕೋಟೆಯಲ್ಲಿ ನೂರೆಂಟು ಕೊಳಗಳಿವೆ ಎಂಬ ಮಾತಿದೆ. ನಾನು ಮಕ್ಕಳಿಗೆ ಯಾವಾಗಲೂ ಹೇಳುತ್ತಿದ್ದುದು ಇದನ್ನೇ: ಕಾವೇರಿ ಹರಿಯುವುದು ದೂರ ಕೆಳಗೆ, ಇಲ್ಲಿರುವುದು ಬಂಡೆ. ಆ ಬಂಡೆಯ ಮೇಲೆ ಬಿದ್ದ ಮಳೆ ಹರಿದು ಹೋಗದಂತೆ ತಡೆದು ಕೊಳಗಳಲ್ಲಿ ನಿಲ್ಲಿಸಿದ್ದರಿಂದಲೇ ಇಷ್ಟು ಶತಮಾನ ಇಲ್ಲಿ ಜನ ಬಾಳಿದರು. ದೇವಾಲಯದಷ್ಟೇ ಗೌರವ ಈ ಕೊಳಗಳಿಗೂ ಸಲ್ಲಬೇಕು. ದಯವಿಟ್ಟು ನೀರಿಗೆ ಏನನ್ನೂ ಎಸೆಯಬೇಡಿ. ಎಸೆಯುವವರು ಕಂಡರೆ ನೀವೂ ಒಂದು ಮಾತು ಹೇಳಿ.

ಭಾನುವಾರ ಬೆಳಕು ಹರಿಯುವಾಗ ಯೋಗನರಸಿಂಹಸ್ವಾಮಿ ಬೆಟ್ಟ. ಕಲ್ಯಾಣಿಯ ಕಡೆಯಿಂದ ಮೆಟ್ಟಿಲು ಹತ್ತುವುದು ಹಳೆಯ ದಾರಿ. ಮಂಡಿನೋವಿನವರಿಗೆ ಸ್ವಲ್ಪ ಎತ್ತರದವರೆಗೆ ವಾಹನ ಹೋಗುವ ದಾರಿಯೂ ಇದೆ, ಅಲ್ಲಿಂದ ಮೆಟ್ಟಿಲು ಕಡಿಮೆ. ಆಗದಿದ್ದರೆ ಕಲ್ಯಾಣಿಯ ಸುತ್ತಲಿನ ಮಂಟಪದಲ್ಲಿ ಕುಳಿತಿರಲಿ, ಆ ಹೊತ್ತಿನಲ್ಲಿ ಅದೇನೂ ಕಡಿಮೆಯ ಜಾಗವಲ್ಲ. ಗುಡಿಯ ಬಾಗಿಲು ತೆರೆಯುವುದು ತಡವಾದರೂ ಹೊರಗಿನ ಬಂಡೆಯ ಮೇಲೆ ತಂಗಾಳಿಗೆ ಕೂರಬಹುದು. ಕೆಳಗೆ ಕಲ್ಯಾಣಿ, ಊರಿನ ಮಾಡುಗಳು, ಆಚೆಗೆ ಕುರುಚಲು ಕಾಡು. ಅದರಲ್ಲಿ ಒಂದಷ್ಟು ಭಾಗ 1974ರಲ್ಲಿ ಘೋಷಿಸಿದ ವನ್ಯಜೀವಿಧಾಮ, ತೋಳಗಳ ನೆಲೆ. ಕೈಯಲ್ಲಿ ತಿಂಡಿಯ ಚೀಲ ಹಿಡಿದು ಹತ್ತಬೇಡಿ, ಕೋತಿಗಳು ಬಿಡುವುದಿಲ್ಲ.

ಪುಳಿಯೋಗರೆಯ ಬಗ್ಗೆ ನಾನು ಹೇಳುವುದೇನೂ ಇಲ್ಲ, ನೀವೇ ತಿನ್ನುತ್ತೀರಿ. ಜೊತೆಗೆ ಸಕ್ಕರೆ ಪೊಂಗಲ್ ಕೇಳಿ.

ಗಂಜಾಂ ರಸ್ತೆ:

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ತಲಕಾಡಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ತಲಕಾಡು ನನಗೆ ಬಹಳ ಪ್ರಿಯವಾದ ಊರು. ಮರಳಿನಡಿಯಿಂದ ಎತ್ತಿದ ಗುಡಿಗಳು, ಅಲಮೇಲಮ್ಮನ ಶಾಪದ ಕಥೆ, ಚೋಳರನ್ನು ಸೋಲಿಸಿದ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯ, ಎಲ್ಲವೂ ಚೆನ್ನ. ಆದರೆ ಒಂದು ಗುಡಿಯಿಂದ ಇನ್ನೊಂದಕ್ಕೆ ನಡೆಯಬೇಕಾದದ್ದು ಮರಳಿನ ಮೇಲೆ. ಏಪ್ರಿಲ್‌ನಲ್ಲಿ ಆ ಮರಳು ಕಾಲಿಗೆ ಕೊಡುವ ಶಿಕ್ಷೆ ಮಂಡಿನೋವಿನವರಿಗೆ ಬೇಡ. ಮಳೆಗಾಲ ಕಳೆದ ಮೇಲೆ, ಕಾರ್ತಿಕದಲ್ಲಿ ಹೋಗಿ.

ಭಾನುವಾರ ಮೈಸೂರಿಗೆ ಹಿಂದಿರುಗುವಾಗ ನಮ್ಮ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನಲ್ಲಿ ಒಂದು ಗಂಟೆ ಇಳಿಯಿರಿ. ಟಿಪ್ಪುವಿನ ಬೇಸಿಗೆ ಅರಮನೆ, 1784ರದು. ತೇಗದ ಕಂಬಗಳ ಅಗಲವಾದ ಮೊಗಸಾಲೆ ಇರುವುದರಿಂದ ಉರಿಬಿಸಿಲಿನಲ್ಲೂ ಒಳಗೆ ಹಿತವಾಗಿರುತ್ತದೆ. ಚಿತ್ರ ಬರೆಯುವವರು ಪಡುವಣ ಗೋಡೆಯನ್ನು ಬಿಡಬಾರದು. 1780ರ ಪೊಳ್ಳಿಲೂರು ಯುದ್ಧವನ್ನು ಅಲ್ಲಿ ಇಡಿಯಾಗಿ ಬರೆದಿದ್ದಾರೆ. ಚೌಕಾಕಾರದ ಸೈನ್ಯದ ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷರ ಸೇನಾನಿ ಕರ್ನಲ್ ಬೇಲಿಯನ್ನು ಹುಡುಕಿ. ಮದ್ದಿನ ಬಂಡಿ ಸಿಡಿಯುವುದನ್ನೂ ಹುಡುಕಿ. ಎಲ್ಲ ಕುದುರೆಗಳ ಮುಖ ನೋಡುತ್ತ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ತೊಣ್ಣೂರಿನ ಕಡೆಯವಳು:

ಹಿಂದಿರುಗುವ ದಾರಿಯಲ್ಲಿ ತೊಣ್ಣೂರು ಕೆರೆಯನ್ನೂ ಸೇರಿಸಿಕೊಳ್ಳಿ ಅಕ್ಕ. ಪಾಂಡವಪುರದಿಂದ ಹತ್ತಿರ. ಬೆಟ್ಟಗಳ ನಡುವಿನ ತೆರಪಿಗೆ ಏರಿ ಹಾಕಿ ನಿಲ್ಲಿಸಿದ ಬಹಳ ಹಳೆಯ ಕೆರೆ. ನೀರಿನ ತಿಳಿ ನೋಡಿ ಇದಕ್ಕೆ ಮೋತಿ ತಲಾಬ್ ಎಂದೂ ಹೆಸರಿಟ್ಟರು. ಬೇಸಿಗೆಯಲ್ಲೂ ಏರಿಯ ಮೇಲೆ ಗಾಳಿ ತಂಪಾಗಿರುತ್ತದೆ. ನಂಬಿನಾರಾಯಣ ದೇವಾಲಯದಲ್ಲಿ ಮೇಲುಕೋಟೆಯ ಜನಸಂದಣಿಯ ಒಂದು ಪಾಲೂ ಇರುವುದಿಲ್ಲ.

ಒಂದು ಬೇಡಿಕೆ. ನೀರಿಗೆ ಇಳಿಯಬೇಡಿ. ದಡದಲ್ಲಿ ಎಷ್ಟು ತಿಳಿಯಾಗಿ ಕಾಣುತ್ತದೋ ಸ್ವಲ್ಪ ಮುಂದೆ ಅಷ್ಟೇ ಆಳ. ರಜೆಗೆಂದು ಬಂದ ಹುಡುಗರು ಈಜಲು ಹೋಗಿ ಹಿಂದಿರುಗದೆ, ಅವರ ತಂದೆ ತಾಯಿ ಏರಿಯ ಮೇಲೆ ಕುಳಿತು ಅತ್ತಿದ್ದನ್ನು ನಾವು ಊರಿನವರು ಕಂಡಿದ್ದೇವೆ. ನಿಮ್ಮ ಮಕ್ಕಳು ಸ್ನೇಹಿತರ ಜೊತೆ ಇತ್ತ ಬಂದರೆ ಅವರಿಗೂ ಇದನ್ನು ಹೇಳಿ.

ಕುವೆಂಪುನಗರದವಳು:

ಎಲ್ಲರಿಗೂ ವಂದನೆಗಳು. ಉತ್ತರಗಳನ್ನು ಗೆಳತಿಯರಿಗೆ ಕಳುಹಿಸಿದೆ, ಐವರೂ ಒಪ್ಪಿದರು. ಶನಿವಾರ ರಾತ್ರಿ ಮೇಲುಕೋಟೆಯಲ್ಲೇ. ಧಾರವಾಡದವಳು ಕೈಮಗ್ಗದ ಮಾತು ಓದಿ ಒಂದು ದಿನ ಮುಂಚೆಯೇ ಬರುತ್ತೇನೆ ಎನ್ನುತ್ತಿದ್ದಾಳೆ.

ಮೇಷ್ಟ್ರೇ, ಇನ್ನೂ ಎರಡು ಪ್ರಶ್ನೆ. ವೈರಮುಡಿ ಕಿರೀಟವನ್ನು ಉಳಿದ ದಿನಗಳಲ್ಲಿ ದೇವಾಲಯದಲ್ಲಿ ನೋಡಬಹುದೇ? ಚಿತ್ರ ಬರೆಯುವ ಗೆಳತಿಗೆ ಬೀಬಿ ನಾಚ್ಚಿಯಾರ್ ಕಥೆಯನ್ನು ಯಾರೋ ಅರ್ಧ ಹೇಳಿದ್ದಾರೆ. ಅವಳು ಪೂರ್ತಿ ಕೇಳಬೇಕಂತೆ.

ಜಕ್ಕನಹಳ್ಳಿ ಮೇಷ್ಟ್ರು:

ಕಿರೀಟ ನೋಡಲು ಸಿಗುವುದಿಲ್ಲ ಅಮ್ಮ. ಅದು ದೇವಾಲಯದಲ್ಲೇ ಇರುವುದಿಲ್ಲ, ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ತರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗಳವರು ತಳಿರುತೋರಣ ಕಟ್ಟಿ ಪೂಜೆ ಸಲ್ಲಿಸುತ್ತಾರೆ. ಗರುಡ ತಂದ ಆ ಕಿರೀಟಕ್ಕೆ ಹಗಲಿನ ಬೆಳಕು ತಾಕಬಾರದು ಎಂಬುದು ನಂಬಿಕೆ, ಆದ್ದರಿಂದ ರಾತ್ರಿಯ ಉತ್ಸವದಲ್ಲಿ ಮಾತ್ರ ಧರಿಸಿ ಮತ್ತೆ ಖಜಾನೆಗೆ ಒಯ್ಯುತ್ತಾರೆ. ಇದಲ್ಲದೆ ರಾಜಮುಡಿ ಎಂಬ ಇನ್ನೊಂದು ಕಿರೀಟವಿದೆ. 1610ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ರಾಜ ಒಡೆಯರು ಒಪ್ಪಿಸಿದ್ದು. ಅವರ ಪುಟ್ಟ ವಿಗ್ರಹವೊಂದು ದೇವಾಲಯದಲ್ಲಿದೆ, ಕೈಮುಗಿದು ನಿಂತಿದ್ದಾರೆ.

ಇನ್ನು ಬೀಬಿ ನಾಚ್ಚಿಯಾರ್. ರಾಮಾನುಜರು ಇಲ್ಲಿಗೆ ಬಂದಾಗ ಉತ್ಸವಮೂರ್ತಿ ಇರಲಿಲ್ಲವಂತೆ, ದೆಹಲಿಯ ಸುಲ್ತಾನನ ಅರಮನೆ ಸೇರಿತ್ತಂತೆ. ಅಷ್ಟು ದೂರ ಹೋದ ಆಚಾರ್ಯರು ಅಲ್ಲಿ ಕಂಡದ್ದು, ಸುಲ್ತಾನನ ಮಗಳು ಆ ಮೂರ್ತಿಯನ್ನು ಗೊಂಬೆಯಂತೆ ಪ್ರೀತಿಯಿಂದ ಸಾಕಿಕೊಂಡಿರುವುದನ್ನು. ‘ಬಾ ಚೆಲುವಪಿಳ್ಳೆ’ ಎಂದು ಕರೆದಾಗ ಮೂರ್ತಿ ಮಗುವಿನಂತೆ ಬಂದು ಅವರ ತೊಡೆಯೇರಿತು. ಅಗಲಿಕೆ ತಾಳಲಾರದ ಹುಡುಗಿ ಹಿಂದೆಯೇ ಹೊರಟು ಬಂದು ಕಡೆಗೆ ದೇವರಲ್ಲಿ ಐಕ್ಯಳಾದಳು. ಸಂಪ್ರದಾಯ ಹೇಳುವಂತೆ ರಾಮಾನುಜರ ಕಾಲ 1017ರಿಂದ 1137, ದೆಹಲಿ ಸುಲ್ತಾನರ ಆಳ್ವಿಕೆ ಆರಂಭವಾದದ್ದು 1206ರಲ್ಲಿ. ಇತಿಹಾಸಕ್ಕೆ ಇದು ಕೂಡಿಬರುವುದಿಲ್ಲ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ, ಕಥೆಯನ್ನೂ ಬಿಡದೆ ಹೇಳುತ್ತಿದ್ದೆ. ತುರುಕ ಹುಡುಗಿಯೊಬ್ಬಳ ಪ್ರೀತಿಗೆ ಈ ಊರಿನ ಹಿರಿಯರು ದೇವರ ಪಾದದ ಬಳಿಯೇ ಜಾಗ ಕೊಟ್ಟು ಪೂಜಿಸುತ್ತ ಬಂದಿದ್ದಾರೆ ಎಂಬುದು ನನಗೆ ಸಣ್ಣ ಸಂಗತಿಯಲ್ಲ. ತಿರುಕುಲದವರೆಂದು ಕರೆದು ದಲಿತರಿಗೆ ರಾಮಾನುಜರು ಇಲ್ಲಿ ದೇವಾಲಯ ಪ್ರವೇಶ ಕೊಟ್ಟರೆಂಬ ನೆನಪೂ ಇದೇ ಊರಿನದು. ನಿಮ್ಮ ಗೆಳತಿಗೆ ಪೂಜೆಯಲ್ಲಿ ಆಸಕ್ತಿ ಇಲ್ಲದಿದ್ದರೂ ಚಿಂತೆಯಿಲ್ಲ, ಇವೆರಡಕ್ಕಾಗಿ ಒಮ್ಮೆ ಒಳಗೆ ಬರಲಿ.

ದೇವರ ಪಾದದ ಬಳಿಯಿರುವ ಬೀಬಿ ನಾಚ್ಚಿಯಾರ್ ಮೂರ್ತಿ ಪುಟ್ಟದು, ಅಲಂಕಾರದ ನಡುವೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅರ್ಚಕರನ್ನು ಕೇಳಿದರೆ ತೋರಿಸುತ್ತಾರೆ, ಆದರೆ ಹಿಂದೆ ಸಾಲು ನೂಕುತ್ತಿದ್ದರೆ ಅವರಿಗೂ ಹೇಳಲು ಬಿಡುವಿರುವುದಿಲ್ಲ. ಭಾನುವಾರ ಬೆಟ್ಟ ಇಳಿದವರು ತಿಂಡಿಗೆ ಹೋಗದೆ ನೇರವಾಗಿ ಚೆಲುವನಾರಾಯಣನ ಗುಡಿಗೇ ಬನ್ನಿ. ಬೆಂಗಳೂರಿನ ವಾಹನಗಳು ಬರುವ ಮುನ್ನ ಒಳಗಿದ್ದರೆ ನಿಧಾನವಾಗಿ ನೋಡಬಹುದು.