ಫುಲ್ ಚಾರ್ಜ್ ಇದ್ದಾಗ ಎಲೆಕ್ಟ್ರಿಕ್ ಕಾರಿನ ರೀಜೆನ್ (ವೇಗ ಇಳಿಸುತ್ತಾ ಬ್ಯಾಟರಿಗೆ ಕರೆಂಟ್ ವಾಪಸ್ ತುಂಬೋ ಬ್ರೇಕಿಂಗ್) ಯಾಕೆ ಹಿಡಿಯಲ್ಲ?

ಬೆಣ್ಣೆನಗರಿ_ಇವಿ:
ರಾತ್ರಿ ಮನೆಯಲ್ಲಿ 100% ಚಾರ್ಜ್ ಆಗಿರುತ್ತೆ. ಬೆಳಿಗ್ಗೆ ಪಿ.ಬಿ. ರಸ್ತೆಗೆ ಬಂದು ಆಕ್ಸಿಲರೇಟರ್ ಬಿಟ್ಟರೆ ಕಾರು ಸುಮ್ಮನೆ ಉರುಳುತ್ತೆ, ಹಿಡಿತವೇ ಇಲ್ಲ. ಚಿತ್ರದುರ್ಗ ಮುಟ್ಟೋ ಹೊತ್ತಿಗೆ ಸರಿಹೋಗಿರುತ್ತೆ. ರೀಜೆನ್ ಲೆವೆಲ್ 3ರಲ್ಲೇ (ಜಾಸ್ತಿ ಹಿಡಿತ) ಇಟ್ಟಿದ್ದೀನಿ. ಮೋಟಾರ್ ತೊಂದರೆನಾ, ಬ್ಯಾಟರಿದಾ?

ದುರ್ಗದ_ವೈರಿಂಗ್:
ಎರಡೂ ಅಲ್ಲ ಸರ್. ಕಾಲು ತೆಗೆದಾಗ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ, ಅದು ಜನರೇಟರ್ ಆಗುತ್ತೆ. ಕರೆಂಟ್ ಹುಟ್ಟಿಸೋಕೆ ಬೇಕಾದ ಬಲವೇ ನಿಮಗೆ ತಿಳಿಯೋ ಹಿಡಿತ. ಇನ್ವರ್ಟರ್ ಆ ಎಸಿಯನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬುತ್ತೆ. ತುಂಬಿದ ಬ್ಯಾಟರಿಗೆ ಮತ್ತೆ ನೂಕಿದರೆ ಸೆಲ್ ವೋಲ್ಟೇಜ್ ಮಿತಿ ದಾಟುತ್ತೆ (ಲಿಥಿಯಂ ಬ್ಯಾಟರಿಯ ಎರಡು ಬಗೆಗಳಲ್ಲಿ ಎನ್‌ಎಂಸಿಗೆ ಸುಮಾರು 4.2, ಎಲ್‌ಎಫ್‌ಪಿಗೆ 3.65 ವೋಲ್ಟ್). ಅದಕ್ಕೇ ಬ್ಯಾಟರಿ ಕಾಯೋ ಕಂಟ್ರೋಲರ್ ಬಿಎಂಎಸ್ ತಡೆಯುತ್ತೆ. ಕರೆಂಟ್ ಹೋಗೋಕೆ ಜಾಗ ಇಲ್ಲದಿದ್ದರೆ ಹಿಡಿತವೂ ಇಲ್ಲ.

ದಿನದ ಓಡಾಟಕ್ಕೆ 80–90% ಸಾಕು. ಎಲ್‌ಎಫ್‌ಪಿ ಆದರೆ ಆಗಾಗ 100% ಮಾಡಿ ಅಂತ ಮ್ಯಾನ್ಯುಯಲ್‌ನಲ್ಲಿ ಇರಬಹುದು, ಅದನ್ನು ತಪ್ಪಿಸಬೇಡಿ.

ಜೋಗಿಮಟ್ಟಿ_ಇಳಿಜಾರು:
ರೀಜೆನ್‌ನಿಂದ ಎಷ್ಟು ವಾಪಸ್ ಬರುತ್ತೆ, ಲೆಕ್ಕ ನೋಡಿ. 1,500 ಕೆಜಿ ಕಾರು 60 ಕಿ.ಮೀ. ವೇಗದಿಂದ ನಿಂತರೆ ಅದರಲ್ಲಿದ್ದ ಶಕ್ತಿ 0.06 ಯೂನಿಟ್‌ಗೂ ಕಡಿಮೆ. 100 ಮೀಟರ್ ಎತ್ತರ ಇಳಿದರೆ 0.4 ಯೂನಿಟ್. ಗಾಳಿ, ಟೈರ್, ಮೋಟಾರ್, ಬ್ಯಾಟರಿ ಎಲ್ಲ ತಮ್ಮ ಪಾಲು ತಿಂದು ಉಳಿದದ್ದು ನಮಗೆ. ಹಾಗಾಗಿ ಲಾಭ ಕಾಣೋದು ಇಳಿಜಾರಿನಲ್ಲಿ ಮತ್ತು ಊರೊಳಗಿನ ನಿಲ್ಲು-ಹೊರಡು ಟ್ರಾಫಿಕ್‌ನಲ್ಲಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದರೆ ವಾಪಸ್ ಬರೋದು ಅತ್ಯಲ್ಪ.

ಡೀಸೆಲ್ ಗಾಡಿ ಅಭ್ಯಾಸದಲ್ಲಿ ಇಳಿಜಾರಲ್ಲಿ ನ್ಯೂಟ್ರಲ್ ಮಾಡಬೇಡಿ, ದಯವಿಟ್ಟು. ರೀಜೆನ್ ಪೂರ್ತಿ ಹೋಗಿ ಇಡೀ ಭಾರ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತೆ.

ಬೆಣ್ಣೆನಗರಿ_ಇವಿ:
ಅಂದರೆ ಪ್ಯಾಡ್ ಸವೆಯೋದೇ ಇಲ್ವಾ?

ದುರ್ಗದ_ವೈರಿಂಗ್:
ಸವೆತ ಕಡಿಮೆ, ತುಕ್ಕು ಜಾಸ್ತಿ. ಮಳೆಗಾಲದಲ್ಲಿ ಹಿಂದಿನ ಡಿಸ್ಕ್ ಇಣುಕಿ ನೋಡಿ: ಪ್ಯಾಡ್ ಉಜ್ಜುವ ಕಡೆ ಕನ್ನಡಿಯಂತೆ ಹೊಳೆಯಬೇಕು. ಅಲ್ಲೇ ಕೆಂಪು ಪಟ್ಟೆ ಇದ್ದರೆ ಪ್ಯಾಡ್ ಪೂರ್ತಿ ಕೂರುತ್ತಿಲ್ಲ. ವಾರಕ್ಕೊಮ್ಮೆ, ಹಿಂದೆ ಗಾಡಿ ಇಲ್ಲದಾಗ, ಲೆವೆಲ್ 0 (ರೀಜೆನ್ ಆಫ್) ಮಾಡಿ 50ರಿಂದ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ. ಆದರೂ ಪಟ್ಟೆ ಹೋಗದಿದ್ದರೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತೋ ಭಾಗ) ಪಿನ್ ಬಿಚ್ಚಿಸಿ, ಒರೆಸಿ, ಗ್ರೀಸ್ ಹಾಕಿಸಿ. ಪಿನ್ ಹಿಡಿದುಕೊಂಡರೆ ಒಂದೇ ಪ್ಯಾಡ್ ಸವೆಯುತ್ತೆ.

ಜೋಗಿಮಟ್ಟಿ_ಇಳಿಜಾರು:
ಇನ್ನೊಂದು: ಜಲ್ಲಿ ರಸ್ತೆಯಲ್ಲಿ ಚಕ್ರ ಜಾರಿದರೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ರೀಜೆನ್ ಅನ್ನು ಕಡಿತ ಮಾಡುತ್ತೆ, ಆ ಕ್ಷಣ ಕಾರು ಮುಂದಕ್ಕೆ ನುಗ್ಗಿದಂತೆ ಅನಿಸುತ್ತೆ. ಅಲ್ಲಿ ಕಾಲು ಬ್ರೇಕ್ ಪೆಡಲ್ ಮೇಲೇ ಇರಲಿ.