‘ಟೀ ರೆಡಿ’ ಅಂದರೆ ಊಟಕ್ಕೆ ಕರೆದಂತೆಯೇ?

ಗೆಳೆಯರೇ,

ಯಾರ್ಕ್‌ಷೈರ್ ಕಡೆಯ ಗಣಿ ಕೆಲಸಗಾರರ ಮನೆಯ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಬೀದಿಯಲ್ಲಿ ಆಡುತ್ತಿರುವ ಹುಡುಗನನ್ನು ತಾಯಿ ಕೂಗುತ್ತಾಳೆ: ‘ಯುವರ್ ಟೀ ಈಸ್ ರೆಡಿ!’ ಇದನ್ನು ‘ಟೀ ಆಯ್ತು, ಬಾರೋ’ ಎಂದು ಬರೆದರೆ ಮಾತು ಕೆಟ್ಟುಹೋಗುತ್ತದೆ. ಅವಳು ಕರೆಯುತ್ತಿರುವುದು ಊಟಕ್ಕೆ.

ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಸಂಜೆ ಐದು, ಆರರ ಹೊತ್ತಿನ ಬಿಸಿ ಊಟಕ್ಕೇ ಟೀ ಎನ್ನುತ್ತಾರೆ. ಸಾಸೇಜ್, ಮೊಟ್ಟೆ, ಚಿಪ್ಸ್, ಇಲ್ಲವೇ ಟೋಸ್ಟಿನ ಮೇಲೆ ಬೀನ್ಸ್. ಜೊತೆಗೆ ಚಹಾ ಇರಲಿ ಬಿಡಲಿ, ಹೆಸರು ಮಾತ್ರ ಟೀ. ಗಣಿಯಿಂದ, ಗಿರಣಿಯಿಂದ ಹಸಿದು ಬಂದವರ ಊಟ ಅದು. ‘ಹೈ ಟೀ’ ಎಂದರೂ ಮೂಲದಲ್ಲಿ ಇದೇ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ, ಕಾರ್ಯಕ್ರಮದ ಕರೆಯೋಲೆಗಳಲ್ಲಿ ನಾವು ‘ಹೈ ಟೀ’ ಎನ್ನುವುದು ಕೇಕು, ಸ್ಯಾಂಡ್‌ವಿಚ್, ಸಮೋಸಗಳಿಗೆ. ಅಂಥದ್ದಕ್ಕೆ ಅಲ್ಲಿನವರ ಹೆಸರು ‘ಆಫ್ಟರ್‌ನೂನ್ ಟೀ’. ಅದು ಸಿರಿವಂತರ ಮನೆಯಲ್ಲಿ ಹುಟ್ಟಿದ್ದು. ರಾತ್ರಿಯ ಊಟ ತಡವಾಗಿ ನಡುವೆ ಹಸಿವಾಗುತ್ತಿದ್ದುದರಿಂದ ಬೆಡ್‌ಫರ್ಡಿನ ಡಚೆಸ್ ಆನಾ 1840ರ ಸುಮಾರಿಗೆ ಇದನ್ನು ರೂಢಿಗೆ ತಂದಳು ಎನ್ನುತ್ತಾರೆ. ‘ಹೈ’ ಅಂದಕೂಡಲೇ ದೊಡ್ಡವರದ್ದು ಎಂದು ನಮಗೆ ಅನ್ನಿಸಿಬಿಟ್ಟಿದೆ, ಅಲ್ವಾ? ಇರುವುದು ಅದರ ತಿರುಗುಮುರುಗು.

ಹಾಗಾದರೆ ಡಿನ್ನರ್ ಯಾವುದು? ಆ ತಾಯಿಯ ಬಾಯಲ್ಲಿ ಡಿನ್ನರ್ ಮಧ್ಯಾಹ್ನದ್ದು. ಈ ಪದ ಹಳೆಯ ಫ್ರೆಂಚಿನಿಂದ ಬಂತು. ಮೂಲ ಅರ್ಥ ಉಪವಾಸ ಮುರಿಯುವುದು. ಅಂದರೆ ಬ್ರೇಕ್‌ಫಾಸ್ಟ್ ಎಂಬುದರ ಅರ್ಥವೂ ಇದರ ಅರ್ಥವೂ ಒಂದೇ! ಮುಂದೆ ಇದು ದಿನದ ದೊಡ್ಡ ಊಟದ ಹೆಸರಾಯಿತು. 18, 19ನೇ ಶತಮಾನಗಳಲ್ಲಿ ಉಳ್ಳವರ ಮನೆಗಳಲ್ಲಿ ಆ ಊಟ ತಡವಾಗುತ್ತಾ ತಡವಾಗುತ್ತಾ ರಾತ್ರಿಗೆ ಬಂತು. ಖಾಲಿ ಬಿದ್ದ ಮಧ್ಯಾಹ್ನಕ್ಕೆ ಲಂಚ್ ಬಂದು ಕೂತಿತು. ದುಡಿಯುವವರ ಮನೆಗಳಲ್ಲಿ ಮಾತ್ರ ಡಿನ್ನರ್ ಮಧ್ಯಾಹ್ನದಲ್ಲೇ ಉಳಿಯಿತು. ಶಾಲೆಗಳಲ್ಲಿ ಮಧ್ಯಾಹ್ನ ಊಟ ಬಡಿಸುವ ಹೆಂಗಸರನ್ನು ಇವತ್ತಿಗೂ ‘ಡಿನ್ನರ್ ಲೇಡಿ’ ಎನ್ನುವುದು ಇದರಿಂದಲೇ. ಕ್ರಿಸ್‌ಮಸ್ ಡಿನ್ನರನ್ನೂ ಜಾಸ್ತಿ ಜನ ಹಗಲಲ್ಲೇ ಮಾಡುತ್ತಾರೆ.

ಒಬ್ಬರು ‘ಡಿನ್ನರ್’ ಅಂದಾಗ ಅವರ ಊರು, ಮನೆತನ, ದುಡಿಮೆ ಎಲ್ಲವೂ ಅದರಲ್ಲಿ ಕೇಳಿಸುತ್ತದೆ. ಕಥೆಯಲ್ಲಿ ನನಗೆ ಬೇಕಾಗಿರುವುದು ಅದೇ. ನಿಘಂಟು ನೋಡಿ ಅರ್ಥ ಬರೆದುಬಿಟ್ಟರೆ ಅದು ಸಿಗುವುದಿಲ್ಲ.

ಕಥೆಯಲ್ಲಿ ಪುಡ್ಡಿಂಗ್ ಕೂಡ ಬರುತ್ತದೆ. ನಮಗೆ ಪುಡ್ಡಿಂಗ್ ಅಂದರೆ ಸಿಹಿ. ‘ವಾಟ್ಸ್ ಫಾರ್ ಪುಡ್ಡಿಂಗ್?’ ಎಂದರೆ ಅಲ್ಲಿಯೂ ಊಟದ ಕೊನೆಯ ಸಿಹಿ ಏನು ಎಂದೇ. ಆದರೆ ಯಾರ್ಕ್‌ಷೈರ್ ಪುಡ್ಡಿಂಗ್ ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಕಾದ ಕೊಬ್ಬಿಗೆ ಹೊಯ್ದು ಓವನ್‌ನಲ್ಲಿ ಉಬ್ಬಿಸಿ, ಮಾಂಸದ ಗ್ರೇವಿಯ ಜೊತೆ ತಿನ್ನುತ್ತಾರೆ. ಬ್ಲ್ಯಾಕ್ ಪುಡ್ಡಿಂಗ್ ಅಂತೂ ರಕ್ತ, ಕೊಬ್ಬು, ಓಟ್ಸ್ ತುಂಬಿದ ಸಾಸೇಜು. ಹಳೆಯ ಕಾಲದ ಪುಡ್ಡಿಂಗ್ ಹೀಗೇ, ಕರುಳಿನೊಳಗೆ ತುಂಬಿ ಬೇಯಿಸಿದ್ದು. ಒಳಗೆ ಬೆಂದಿದೆಯೋ, ಹಳಸಿದೆಯೋ ಹೊರಗಿನಿಂದ ಕಾಣದು. ‘ದ ಪ್ರೂಫ್ ಆಫ್ ದ ಪುಡ್ಡಿಂಗ್ ಈಸ್ ಇನ್ ದಿ ಈಟಿಂಗ್’ ಎಂಬ ಗಾದೆಯನ್ನು ಹೀಗೆ ಓದಿದರೆ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಪ್ರೂಫ್ ಅಂದರೆ ಸಾಕ್ಷಿ ಅಲ್ಲ, ಪರೀಕ್ಷೆ. ಈಗ ಸುಮ್ನೆ ‘ದ ಪ್ರೂಫ್ ಈಸ್ ಇನ್ ದ ಪುಡ್ಡಿಂಗ್’ ಎಂದು ಮೊಟಕು ಮಾಡುತ್ತಾರೆ. ಹಾಗೆ ಹೇಳಿದರೆ ತಿಂದು ನೋಡುವ ಮಾತೇ ಹೋಗಿಬಿಡುತ್ತದೆ.

ಈಗ ನನ್ನ ಪ್ರಶ್ನೆ. ತಾಯಿಯ ಕೂಗಿಗೆ ‘ಊಟಕ್ಕೆ ಬಾರೋ’ ಎಂದು ಬರೆಯಬಹುದು. ಆದರೆ ಕನ್ನಡದ ಓದುಗರಿಗೆ ಅದು ರಾತ್ರಿಯ ಊಟವಾಗಿ ಕಾಣುತ್ತದೆ. ಇನ್ನೂ ಬೆಳಕಿದೆ, ಹುಡುಗ ಆಡುತ್ತಿದ್ದಾನೆ. ‘ತಿಂಡಿ’ ಎಂದರೆ ಮೈಸೂರು ಕಡೆಯವರಿಗೆ ಬೆಳಗಿನದು ನೆನಪಾಗುತ್ತದೆ, ಉಳಿದವರಿಗೆ ಕುರುಕಲು. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ರೂಢಿ ಇದೆ. ಮೂಡಬಿದಿರೆ, ಕಾರ್ಕಳ, ಬೆಳಗಾವಿ ಕಡೆಯ ಬಳಗದವರೇ, ಆ ಊಟಕ್ಕೆ ನಿಮ್ಮ ಮನೆಮಾತಿನಲ್ಲಿ ಬೇರೆ ಹೆಸರಿದೆಯೇ? ಮಕ್ಕಳನ್ನು ಅದಕ್ಕೆ ಏನೆಂದು ಕರೆಯುತ್ತಾರೆ?