ಸಹಾಯ ಬೇಕು: ಬ್ಯೂಪ್ರೆನಾರ್ಫಿನ್ ಚಿಕಿತ್ಸೆ, ಅಪ್ಪನ ಹಟ, ಮುಂದಿರುವ ಶಸ್ತ್ರಚಿಕಿತ್ಸೆ

ಎಲ್ಲರಿಗೂ ನಮಸ್ಕಾರ. ಓಪಿಯಾಯ್ಡ್ (ಅಫೀಮಿನ ಗುಣದ) ನೋವುನಿವಾರಕಗಳ ಚಟದಿಂದ ಹೊರಬರಲು ನನ್ನ ತಮ್ಮ ಬ್ಯೂಪ್ರೆನಾರ್ಫಿನ್–ನಲೋಕ್ಸೋನ್ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಕರಗಿಸಿಕೊಳ್ಳುತ್ತಿದ್ದಾನೆ. ನಡುಕ, ಬೆವರು, ನಿದ್ದೆಯಿಲ್ಲದ ರಾತ್ರಿಗಳು ನಿಂತಿವೆ, ಕೆಲಸಕ್ಕೂ ಹೋಗುತ್ತಿದ್ದಾನೆ. ಅಪ್ಪನದು ಮಾತ್ರ ಒಂದೇ ಹಟ: "ಒಂದು ಚಟ ಬಿಟ್ಟು ಇನ್ನೊಂದು ಹಿಡಿದಿದ್ದಾನೆ, ಇವತ್ತೇ ನಿಲ್ಲಿಸಲಿ." ಥಟ್ಟನೆ ನಿಲ್ಲಿಸಿದರೆ ಕಡುಬಯಕೆ ಮರಳಬಹುದು, ದೇಹದ ತಾಳಿಕೆ ಇಳಿದಿರುವಾಗ ಆ ನೋವುನಿವಾರಕಗಳ ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಹುದು ಎಂದು ವೈದ್ಯರು ಹೇಳಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳುತ್ತಿಲ್ಲ. (ಅಪ್ಪ ತಮ್ಮದೇ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವವರಲ್ಲ!) ಇಂಥ ಹಿರಿಯರಿಗೆ ನೀವು ಹೇಗೆ ತಿಳಿಹೇಳಿದಿರಿ?

ಇನ್ನೊಂದು ವಿಷಯ. ಅವನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಬೇಕಿದೆ. ಈ ಔಷಧಿಯಲ್ಲಿದ್ದುಕೊಂಡೇ ಆಪರೇಷನ್ ಮಾಡಿಸಿಕೊಂಡವರಿದ್ದರೆ, ನೋವಿನ ನಿರ್ವಹಣೆಯ ಬಗ್ಗೆ ಅರಿವಳಿಕೆ ತಜ್ಞರನ್ನು ಮೊದಲೇ ಏನೇನು ಕೇಳಿಕೊಳ್ಳಬೇಕೆಂದು ತಿಳಿಸಿ. ವಾರದಲ್ಲಿ ಚಟ ಬಿಡಿಸುವ ಪುಡಿಗಳ ಜಾಹೀರಾತು ದಯವಿಟ್ಟು ಬೇಡ.